ಕರುಣೆಯನ್ನು ಕಲಿಸಬಹುದೆ? — ವರ್ತನ ಚಿಕಿತ್ಸಕರ ಶಿಕ್ಷಣವನ್ನು ಕುರಿತು ಒಂದು ವಿಮರ್ಶೆ

೧

ಗುಣವನ್ನು ಕಲಿಸಬಹುದೆ, ಅಥವಾ ಅದು ಹುಟ್ಟಿನಿಂದಲೇ ಬರತಕ್ಕದ್ದೆ ಎಂಬ ಪ್ರಶ್ನೆ ಬಹು ಹಳೆಯದು. ನೃತ್ಯವನ್ನು ಕಲಿಸಬಹುದು, ಲೆಕ್ಕವನ್ನು ಕಲಿಸಬಹುದು. ಕರುಣೆಯನ್ನು ಕಲಿಸುತ್ತೇವೆಂದು ಯಾರಾದರೂ ಹೇಳಿದರೆ ನಾವು ಸ್ವಲ್ಪ ಅನುಮಾನದಿಂದಲೇ ಅವರ ಕಡೆ ನೋಡುತ್ತೇವೆ. ಆದರೆ ಕಳೆದ ಕೆಲವು ವರ್ಷಗಳಲ್ಲಿ ವರ್ತನ ಚಿಕಿತ್ಸೆಯ ಕ್ಷೇತ್ರದಲ್ಲಿ ಇಂತಹ ಮಾತನ್ನು ಗಂಭೀರವಾಗಿ ಆಡುವ ಒಂದು ಲೇಖನ ಸಮುದಾಯವೇ ಹೊರಬಂದಿದೆ. ಕರುಣೆ ಒಂದು ಕೌಶಲ; ಅದನ್ನು ಬಿಡಿಬಿಡಿಯಾಗಿ ವಿಂಗಡಿಸಬಹುದು; ಶಿಕ್ಷಾರ್ಥಿಗೆ ತೋರಿಸಿ, ಅವನಿಂದ ಮಾಡಿಸಿ, ತಿದ್ದಿ, ಅಳೆಯಬಹುದು ಎಂಬುದು ಈ ಲೇಖಕರ ವಾದ. ಈ ವಾದದ ಗುಣದೋಷಗಳನ್ನು ನಮ್ಮ ನಾಡಿನ, ವಿಶೇಷವಾಗಿ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಅನುಭವದ ಬೆಳಕಿನಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕರಿಗೆ ಚಿಕಿತ್ಸೆಯ ವಿಷಯದಲ್ಲಿ ಏನು ಅಧಿಕಾರ ಎಂದು ವಾಚಕರು ಕೇಳಬಹುದು. ಚಿಕಿತ್ಸೆಯ ತಂತ್ರವನ್ನು ಕುರಿತು ತೀರ್ಪು ಕೊಡುವ ಅಧಿಕಾರ ನಮಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿ ಬರೆದುಕೊಳ್ಳುವಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದು ನಮ್ಮ ಶಾಸ್ತ್ರದ ಮೂಲ ಪ್ರಶ್ನೆ. ಈ ವಿಮರ್ಶೆ ಮುಖ್ಯವಾಗಿ ಆ ಪ್ರಶ್ನೆಯನ್ನೇ ಹಿಡಿದು ನಡೆಯುತ್ತದೆ.

೨

ಮೊದಲು ಈ ಪ್ರಯತ್ನದ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ವರ್ತನ ಚಿಕಿತ್ಸೆಯ ತಿರುಳು ಸರಳವಾದುದು. ಒಂದು ವರ್ತನೆಯ ಮುಂಚೆ ಏನು ನಡೆಯಿತು, ಅನಂತರ ಏನು ದೊರೆಯಿತು ಎಂಬುದನ್ನು ಗಮನಿಸಿ, ಆ ಪೂರ್ವಸಂದರ್ಭವನ್ನಾಗಲಿ ಫಲವನ್ನಾಗಲಿ ಬದಲಿಸಿದರೆ ವರ್ತನೆಯೂ ಬದಲಾಗುತ್ತದೆ ಎಂಬುದೇ ಆ ತಿರುಳು. ಮಾತು ಬಾರದ ಮಗುವಿಗೆ ಮಾತು ಕಲಿಸಲು, ತನ್ನನ್ನು ತಾನೇ ಹೊಡೆದುಕೊಳ್ಳುವ ಮಗುವನ್ನು ಆ ನೋವಿನಿಂದ ಪಾರುಮಾಡಲು ಈ ಮಾರ್ಗ ನೆರವಾಗಿದೆ ಎಂಬುದನ್ನು ಅಲ್ಲಗಳೆಯಲಾಗದು.

ಆದರೆ ಇದರ ಚರಿತ್ರೆಯಲ್ಲಿ ಕಪ್ಪು ಪುಟಗಳೂ ಇವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇವಾರ್ ಲೋವಾಸ್ ಅವರು ೧೯೬೦ರ ದಶಕದಲ್ಲಿ ಆಟಿಸಂ ಉಳ್ಳ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ವಿದ್ಯುತ್ತಿನ ಆಘಾತವನ್ನು ಶಿಕ್ಷೆಯಾಗಿ ಬಳಸಿದ್ದುಂಟು. ಅವರೇ ೧೯೮೭ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ ವಾರಕ್ಕೆ ೪೦ ಗಂಟೆಗಳ ಶಿಕ್ಷಣ ಪಡೆದ ೧೯ ಮಕ್ಕಳ ಪೈಕಿ ೯ ಮಕ್ಕಳು ಸಾಮಾನ್ಯ ಶಾಲೆಯಲ್ಲಿ ಓದುವಷ್ಟು ಮುಂದುವರಿದರೆಂದು ವರದಿಯಾಯಿತು. ಆ ಒಂದು ಸಂಖ್ಯೆ ಲೋಕದ ತಾಯಿತಂದೆಗಳಲ್ಲಿ ಎಷ್ಟು ಆಸೆಯನ್ನು ಹುಟ್ಟಿಸಿತೆಂಬುದನ್ನು ಊಹಿಸಬಹುದು. ಆ ಅಧ್ಯಯನದಲ್ಲಿಯೂ ಗದರಿಕೆ ಮತ್ತು ತೊಡೆಯ ಮೇಲಿನ ಪೆಟ್ಟು ವಿಧಾನದ ಭಾಗವಾಗಿದ್ದುವೆಂಬುದನ್ನು ಆಸೆಪಟ್ಟವರು ಬಹುಮಂದಿ ಗಮನಿಸಲಿಲ್ಲ. ಮುಂದೆ ಆ ಪೀಳಿಗೆಯ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ, ಆಟಿಸಂ ಉಳ್ಳ ವಯಸ್ಕರೇ ಎದ್ದು ನಿಂತು, ತಮ್ಮನ್ನು ಇತರರಂತೆ ಕಾಣಿಸುವಂತೆ ಮಾಡುವುದಕ್ಕಾಗಿ ತಮ್ಮ ನೆಮ್ಮದಿಯನ್ನು ಬಲಿಗೊಡಲಾಯಿತೆಂದು ಆಕ್ಷೇಪಿಸಿದರು.

ಒಳಗಿನಿಂದಲೂ ಎಚ್ಚರಿಕೆಯ ಮಾತು ಬರದೆ ಇರಲಿಲ್ಲ. ೧೯೭೮ರಲ್ಲಿ ಮಾಂಟ್ರೋಸ್ ವುಲ್ಫ್ ಅವರು, ಚಿಕಿತ್ಸೆಯ ಗುರಿ ಸಮಾಜಕ್ಕೆ ಬೇಕಾದುದೆ, ವಿಧಾನ ಒಪ್ಪತಕ್ಕದ್ದೆ, ಫಲದಿಂದ ಸಂಬಂಧಪಟ್ಟವರಿಗೆ ತೃಪ್ತಿಯಾಯಿತೆ ಎಂಬ ಮೂರು ಪ್ರಶ್ನೆಗಳನ್ನು ಚಿಕಿತ್ಸೆ ಪಡೆಯುವವರನ್ನೇ ಕೇಳಬೇಕೆಂದು ವಾದಿಸಿದರು. ಅಳೆಯಲು ಬಾರದ ಅಭಿಪ್ರಾಯವನ್ನು ವಿಜ್ಞಾನದ ಹೊರಗಿಟ್ಟಿದ್ದ ಶಾಸ್ತ್ರದಲ್ಲಿ ಇದು ಧೈರ್ಯದ ಮಾತು. ಆದರೆ ವುಲ್ಫ್ ಅವರು ಕೇಳಿದ ಪ್ರಶ್ನೆಯನ್ನು ಶಿಕ್ಷಣದ ಪಠ್ಯಕ್ರಮದೊಳಕ್ಕೆ ತರಲು ಈ ಶಾಸ್ತ್ರಕ್ಕೆ ಸುಮಾರು ೪೦ ವರ್ಷ ಹಿಡಿಯಿತು.

೩

ಈಗ ನಮ್ಮ ವಿಮರ್ಶೆಗೆ ವಿಷಯವಾದ ಲೇಖನಗಳಿಗೆ ಬರೋಣ. ೨೦೧೯ರಲ್ಲಿ ಟೇಲರ್, ಲಬ್ಲಾಂಕ್ ಮತ್ತು ನೋಸಿಕ್ ಎಂಬ ಮೂವರು ವಿದುಷಿಯರು ಬರೆದ ಲೇಖನವೇ ಇವುಗಳಲ್ಲಿ ಮೂಲವಾದುದು. ವರ್ತನ ಚಿಕಿತ್ಸಕರ ಸಂಖ್ಯೆ ತೀವ್ರವಾಗಿ ಬೆಳೆದಿದೆ. ಅವರಲ್ಲಿ ಬಹುಪಾಲು ಹೊಸಬರು. ಅವರ ಶಿಕ್ಷಣ ತತ್ತ್ವ ಮತ್ತು ತಂತ್ರಗಳಲ್ಲಿ ಮುಗಿದುಹೋಗುತ್ತದೆ. ದುಃಖದಲ್ಲಿರುವ ಕುಟುಂಬದೊಡನೆ ಹೇಗೆ ಮಾತನಾಡಬೇಕೆಂಬುದನ್ನು ಯಾರೂ ಹೇಳಿಕೊಡುವುದಿಲ್ಲ ಎಂದು ಅವರು ತೋರಿಸಿದರು. ಮಕ್ಕಳ ಪೋಷಕರನ್ನೇ ಪ್ರಶ್ನಿಸಿ ಪಡೆದ ಉತ್ತರಗಳನ್ನೂ ಜೊತೆಗಿಟ್ಟರು. ಮರುವರ್ಷ, ೨೦೨೦ರಲ್ಲಿ, ಚಿಕಿತ್ಸಕರನ್ನೇ ಕುರಿತ ಸಮೀಕ್ಷೆಯೊಂದು ಪ್ರಕಟವಾಗಿ, ಈ ವಿಷಯದಲ್ಲಿ ತಮಗೆ ನೇರವಾದ ಪಾಠ ದೊರೆಯಲಿಲ್ಲವೆಂದು ಅನೇಕರು ಒಪ್ಪಿಕೊಂಡರು. ೨೦೨೨ರ ಜನವರಿಯಿಂದ ಜಾರಿಗೆ ಬಂದ ಅಮೆರಿಕದ ವರ್ತನ ಚಿಕಿತ್ಸಕರ ನೀತಿಸಂಹಿತೆ ಕರುಣೆ, ಘನತೆ, ಗೌರವಗಳನ್ನು ತನ್ನ ಮೂಲತತ್ತ್ವಗಳಲ್ಲಿ ಸೇರಿಸಿಕೊಂಡಿತು. ೨೦೨೩ರಲ್ಲಿ ರೋಹ್ರರ್ ಮತ್ತು ವೈಸ್ ಅವರು ವಿದ್ಯಾರ್ಥಿಗಳಿಗೆ ಕರುಣೆಯ ಕೌಶಲಗಳನ್ನು ಕಲಿಸಿ ನೋಡಿದ ಪ್ರಾರಂಭಿಕ ಅಧ್ಯಯನವನ್ನು ಪ್ರಕಟಿಸಿದರು. ಸಂದರ್ಶನ ನಡೆಸುವ ಮೂಲ ಕ್ರಮ, ಕುಟುಂಬದ ವಿಷಯದಲ್ಲಿ ಆಸಕ್ತಿ, ಕುಟುಂಬದೊಡನೆ ಕೂಡಿಕೊಳ್ಳುವಿಕೆ ಎಂದು ಮೂರು ಭಾಗಗಳಾಗಿ ವಿಂಗಡಿಸಿ, ವಿವರಣೆ, ಮಾದರಿ, ಅಭ್ಯಾಸ, ತಿದ್ದುಪಡಿ ಎಂಬ ನಾಲ್ಕು ಹೆಜ್ಜೆಗಳಲ್ಲಿ ಅವನ್ನು ಕಲಿಸಲಾಯಿತು. ವಿದ್ಯಾರ್ಥಿಗಳು ಕಲಿತರು.

ಈ ಲೇಖನಗಳ ಹಿರಿಮೆಯನ್ನು ಮೊದಲು ಹೇಳಬೇಕು. ಸ್ವಂತ ಶಾಸ್ತ್ರದ ಕೊರತೆಯನ್ನು ಹೊರಗಿನವರ ಮೇಲೆ ಹೊರಿಸದೆ ಒಳಗಿನವರೇ ಒಪ್ಪಿಕೊಂಡುದು ಇವುಗಳ ಮೊದಲ ಗುಣ. ಕರುಣೆಯನ್ನು ಆಕಾಶದ ನಕ್ಷತ್ರದಂತೆ ದೂರದಿಂದ ಹೊಗಳಿ ಬಿಡದೆ, ನೆಲಕ್ಕಿಳಿಸಿ ಪಾಠವನ್ನಾಗಿ ಮಾಡಿದುದು ಎರಡನೆಯ ಗುಣ. ನಮ್ಮ ದೇಶದ ವಿದ್ಯಾಲಯಗಳಲ್ಲಿ ಸೇವಾಭಾವ ಬೇಕೆಂದು ಘಟಿಕೋತ್ಸವಗಳಲ್ಲಿ ಉಪದೇಶಿಸುವವರಿಗೆ ಕೊರತೆಯಿಲ್ಲ. ಸೋಮವಾರ ಬೆಳಗಿನ ತರಗತಿಯಲ್ಲಿ ಅದನ್ನು ಹೇಗೆ ಕಲಿಸಬೇಕೆಂದು ಹೇಳುವವರು ವಿರಳ.

೪

ಮೊದಲ ಆಕ್ಷೇಪ ಎಲ್ಲರಿಗೂ ಸಹಜವಾಗಿ ತೋರುವುದು: ಅಭ್ಯಾಸದಿಂದ ಬಂದ ಕರುಣೆ ನಟನೆಯಾಗುವುದಿಲ್ಲವೆ? ಕಣ್ಣಿನಲ್ಲಿ ಕಣ್ಣಿಟ್ಟು ನೋಡು, ತಲೆಯಾಡಿಸು, ಹೇಳಿದುದನ್ನು ಮರಳಿ ಹೇಳು ಎಂದು ಕಲಿಸಿದರೆ ಶಿಕ್ಷಾರ್ಥಿ ಅಷ್ಟನ್ನು ಮಾಡಿಯಾನು. ಒಳಗೆ ಏನೂ ಇಲ್ಲದಿರಬಹುದು.

ಈ ಆಕ್ಷೇಪಕ್ಕೆ ಹೊನ್ನಾವರದ ನೆಲವೇ ಒಂದು ಉತ್ತರವನ್ನು ಕೊಡುತ್ತದೆ. ೧೯೩೪ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಸ್ಥಾಪಿಸಿದ ತಾಲೂಕು ಇದು. ಅವರ ಮಗ ಶಂಭು ಹೆಗಡೆಯವರು ಗುಣವಂತೆಯಲ್ಲಿ ಯಕ್ಷಗಾನಕ್ಕೆ ಶಿಕ್ಷಣ ಕೇಂದ್ರವನ್ನು ಕಟ್ಟಿದರು. ಅಲ್ಲಿಗೆ ಬರುವ ಹುಡುಗನಿಗೆ ಯಾರೂ ಮೊದಲ ದಿನವೇ ಕರುಣರಸವನ್ನು ಕಲಿಸುವುದಿಲ್ಲ. ತಾಳ, ಹೆಜ್ಜೆ, ಕೈಯ ಚಲನೆ, ಮುಖವರ್ಣಿಕೆ ಇವುಗಳಿಂದ ಪ್ರಾರಂಭ. ಸತ್ತ ಮಗನನ್ನು ತೊಡೆಯ ಮೇಲಿಟ್ಟುಕೊಂಡ ಚಂದ್ರಮತಿಯ ಪಾತ್ರವನ್ನು ಮುಂದೊಂದು ದಿನ ಅವನು ವಹಿಸಿದಾಗ ನೋಡುವವರ ಕಣ್ಣು ತೇವವಾದರೆ, ಆ ಹೆಜ್ಜೆಗಳ ಅಭ್ಯಾಸ ಭಾವವನ್ನು ಕೊಂದಿತೆಂದು ಹೇಳಲಾದೀತೆ? ಅಭ್ಯಾಸವಿಲ್ಲದಿದ್ದರೆ ಭಾವವಿದ್ದೂ ಅದು ಹೊರಗೆ ಬರಲು ದಾರಿಯಿರುತ್ತಿರಲಿಲ್ಲ. ಸಂಕೋಚದ ಸ್ವಭಾವದ ಒಬ್ಬ ಒಳ್ಳೆಯ ಹುಡುಗಿ, ಎದುರಿಗೆ ಕುಳಿತ ತಾಯಿ ಅಳತೊಡಗಿದರೆ ಏನು ಮಾಡಬೇಕೆಂದು ತಿಳಿಯದೆ ಕಾಗದದ ಮೇಲೆ ಕಣ್ಣಿಡುತ್ತಾಳೆ. ಅವಳಲ್ಲಿ ಕರುಣೆಯಿಲ್ಲವೆಂದಲ್ಲ, ಅದಕ್ಕೆ ಹೆಜ್ಜೆ ತಿಳಿಯದು. ಆದುದರಿಂದ ರೋಹ್ರರ್ ಮತ್ತು ವೈಸ್ ಅವರ ನಾಲ್ಕು ಹೆಜ್ಜೆಗಳನ್ನು ಹುಸಿಯೆಂದು ತಳ್ಳುವುದು ನ್ಯಾಯವಲ್ಲ.

ಆದರೆ ಇದೇ ಹೋಲಿಕೆ ಅವರ ಪ್ರಯತ್ನದ ಮಿತಿಯನ್ನೂ ತೋರಿಸುತ್ತದೆ. ಯಕ್ಷಗಾನದಲ್ಲಿ ಪದ್ಯ ಗೊತ್ತಾದುದು, ಹೆಜ್ಜೆ ಗೊತ್ತಾದುದು. ಮಾತು ಮಾತ್ರ ಬರೆದಿಟ್ಟುದಲ್ಲ. ಎದುರಿನ ಪಾತ್ರಧಾರಿ ಏನು ಹೇಳಿದನೆಂಬುದನ್ನು ಕೇಳಿ ಆ ಕ್ಷಣದಲ್ಲಿ ಉತ್ತರ ಕಟ್ಟಬೇಕು. ಕೇಳಿಸಿಕೊಳ್ಳದೆ ತಾನು ಸಿದ್ಧಪಡಿಸಿಕೊಂಡು ಬಂದುದನ್ನೇ ಒಪ್ಪಿಸುವ ಅರ್ಥಧಾರಿಯನ್ನು ನಮ್ಮ ಹಳ್ಳಿಯ ಪ್ರೇಕ್ಷಕರು ಕೂಡಲೇ ಗುರುತಿಸಿಬಿಡುತ್ತಾರೆ. ಚಿಕಿತ್ಸಕನ ನಿಜವಾದ ಪರೀಕ್ಷೆಯೂ ಆ ಬರೆಯದ ಮಾತಿನಲ್ಲಿದೆ. ತರಗತಿಯಲ್ಲಿ ತಾಯಿಯ ಪಾತ್ರವನ್ನು ಇನ್ನೊಬ್ಬರು ವಹಿಸಿದ ಸಂದರ್ಶನದಲ್ಲಿ ಹೆಜ್ಜೆಯನ್ನು ಅಳೆಯಬಹುದು. ನಿಜವಾದ ತಾಯಿ ನಿರೀಕ್ಷೆಯಿಲ್ಲದ ಮಾತನ್ನಾಡಿದಾಗ ಶಿಕ್ಷಾರ್ಥಿ ಏನು ಕೇಳಿಸಿಕೊಂಡಳೆಂಬುದನ್ನು ಆ ಅಳತೆ ಮುಟ್ಟುವುದಿಲ್ಲ.

೫

ಇಲ್ಲಿ ಒಂದು ಪ್ರಸಂಗವನ್ನು ಹೇಳುವುದು ಅನುಚಿತವಾಗಲಾರದು. ಕೆಲವು ವರ್ಷಗಳ ಹಿಂದೆ ನಾವು ಬಂಧುಗಳೊಬ್ಬರ ಐದು ವರ್ಷದ ಮಗನನ್ನು ಕರೆದುಕೊಂಡು, ಘಟ್ಟದಾಚೆಯ ನಗರವೊಂದರ ಚಿಕಿತ್ಸಾಕೇಂದ್ರಕ್ಕೆ ಹೋಗಿದ್ದೆವು. ತರಬೇತಿಯಲ್ಲಿದ್ದ ಯುವತಿಯೊಬ್ಬಳು ನಮೂನೆಯ ಪತ್ರವನ್ನು ಮುಂದಿಟ್ಟುಕೊಂಡು ತಾಯಿಯನ್ನು ಪ್ರಶ್ನಿಸತೊಡಗಿದಳು. ಹುಡುಗ ಕಿರಿಚುತ್ತಾನೆಯೆ? ದಿನಕ್ಕೆ ಎಷ್ಟು ಸಾರಿ? ಎಷ್ಟು ಹೊತ್ತು? ತಾಯಿ ಎಣಿಕೆ ಹೇಳಲಾರದೆ, "ಮಳೆಗಾಲ ಹಿಡಿದರೆ ಅವನಿಗೆ ಆಗಿಬರುವುದಿಲ್ಲ ತಂಗೀ, ತಗಡಿನ ಮೇಲೆ ಮಳೆ ಬಿದ್ದರೆ ಕಿವಿ ಮುಚ್ಚಿಕೊಂಡು ಮೂಲೆಗೆ ಹೋಗುತ್ತಾನೆ" ಎಂದರು. ಯುವತಿ ಸೌಜನ್ಯದಿಂದಲೇ, "ಅದಿರಲಿ ಅಮ್ಮಾ, ದಿನಕ್ಕೆ ಎಷ್ಟು ಸಾರಿ ಅಂತ ಹೇಳಿ" ಎಂದಳು. ತಾಯಿ ಹತ್ತು ಎಂದರು. ಹತ್ತು ಎಂದು ಬರೆಯಲಾಯಿತು. ಹಿಂದಿರುಗುವಾಗ ಬಸ್ಸಿನಲ್ಲಿ ಆ ತಾಯಿ, "ನಾನು ಹೇಳಿದ್ದು ತಪ್ಪಾಯಿತೇನೋ" ಎಂದು ನಮ್ಮನ್ನು ಎರಡು ಸಾರಿ ಕೇಳಿದರು.

ಆ ಯುವತಿ ಒರಟಾಗಿ ಮಾತನಾಡಲಿಲ್ಲ. ಬಹುಶಃ ಕಣ್ಣಿನಲ್ಲಿ ಕಣ್ಣಿಟ್ಟೇ ನೋಡಿದಳು. ಆದರೂ ಅಲ್ಲಿ ನಡೆದುದೇನು? ಮಳೆಯ ಸದ್ದೇ ಕಿರಿಚುವಿಕೆಯ ಪೂರ್ವಸಂದರ್ಭ. ವರ್ತನ ಚಿಕಿತ್ಸೆಯ ಅತ್ಯಂತ ಮೂಲಭೂತವಾದ ಸಾಕ್ಷ್ಯವನ್ನು ತಾಯಿ ತಾನಾಗಿ ಕೈಯಲ್ಲಿಟ್ಟರು. ನಮೂನೆಯಲ್ಲಿ ಅದಕ್ಕೆ ಅಂಕಣವಿಲ್ಲದ್ದರಿಂದ ಅದು ಬಿದ್ದುಹೋಯಿತು. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಎಡೆಬಿಡದೆ ಮಳೆ ಸುರಿಯುವ ಕರಾವಳಿಯಲ್ಲಿ, ತಗಡಿನ ಮಾಡಿನ ಕೆಳಗೆ ಬೆಳೆಯುವ ಮಗುವಿಗೆ ಆ ನಾಲ್ಕು ತಿಂಗಳು ಏನಾಗಿರಬಹುದು ಎಂಬುದನ್ನು ಘಟ್ಟದಾಚೆಯ ಶಿಕ್ಷಾರ್ಥಿಗೆ ತಾಯಿಯಲ್ಲದೆ ಬೇರೆ ಯಾರು ಹೇಳಬೇಕು?

ನಮ್ಮ ವಿಮರ್ಶೆಯ ಮುಖ್ಯ ಮಾತು ಇದೇ. ಮೇಲ್ಕಂಡ ಲೇಖನಗಳು ತಂತ್ರವನ್ನೂ ಕರುಣೆಯನ್ನೂ ಎರಡು ತಟ್ಟೆಗಳಲ್ಲಿಟ್ಟು, ಇವೆರಡೂ ಸಮತೂಗಬೇಕೆಂದು ಹೇಳುತ್ತವೆ. ಕುಟುಂಬದೊಡನೆ ಒಳ್ಳೆಯ ಸಂಬಂಧವಿದ್ದರೆ ಅವರು ಚಿಕಿತ್ಸೆಯನ್ನು ಬಿಡದೆ ಮುಂದುವರಿಸುತ್ತಾರೆ, ಆದುದರಿಂದ ಕರುಣೆ ಪ್ರಯೋಜನಕಾರಿ ಎಂಬ ಧ್ವನಿ ಅವುಗಳಲ್ಲಿದೆ. ಈ ನಿಲುವು ಕರುಣೆಯನ್ನು ಔಷಧದ ಮೇಲಿನ ಸಕ್ಕರೆಯ ಲೇಪವನ್ನಾಗಿ ಮಾಡಿಬಿಡುವ ಅಪಾಯವಿದೆ. ಕೇಳುವುದು ತಂತ್ರಕ್ಕೆ ಸೇರಿಸುವ ಅಲಂಕಾರವಲ್ಲ. ಕೇಳದಿದ್ದರೆ ತಂತ್ರವೇ ಕುರುಡಾಗುತ್ತದೆ. ಆ ದಿನ ಕಳೆದುಹೋದುದು ತಾಯಿಯ ಸಮಾಧಾನ ಮಾತ್ರವಲ್ಲ, ಚಿಕಿತ್ಸೆಯ ಆಧಾರವೇ ಕಳೆದುಹೋಯಿತು.

ಇತಿಹಾಸದಿಂದ ಒಂದು ಸಾಮ್ಯವನ್ನು ಹೇಳಬಹುದು. ಟಿಪ್ಪುವಿನ ಪತನಾನಂತರ ೧೮೦೦-೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು, ಮಲಬಾರು, ಕೆನರಾ ಸೀಮೆಗಳಲ್ಲಿ ಸಂಚರಿಸಿ, ೧೮೦೭ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದನು. ಭಟ್ಕಳ, ಹೊನ್ನಾವರಗಳ ಮೂಲಕವೂ ಅವನು ಹಾದುಹೋದನು. ಬೆಳೆ, ಗೇಣಿ, ಮಣ್ಣು, ಮೆಣಸು, ಜಾತಿಗಳ ವಿಷಯದಲ್ಲಿ ಅವನು ಸಂಗ್ರಹಿಸಿದ ಸಾಮಗ್ರಿ ಇಂದಿಗೂ ನಮಗೆ ಉಪಯುಕ್ತ. ಆದರೆ ಅವನ ಪ್ರಶ್ನೆಗಳನ್ನು ಕಂಪೆನಿಯ ಸರಕಾರ ಮೊದಲೇ ಗೊತ್ತುಮಾಡಿ ಕೊಟ್ಟಿತ್ತು. ಪ್ರಶ್ನೆಯಿದ್ದಲ್ಲಿ ಉತ್ತರ ಉಳಿಯಿತು. ಪ್ರಶ್ನೆಯಿಲ್ಲದಲ್ಲಿ ರೈತ ಹೇಳಿದ್ದರೂ ಅದು ನಮಗೆ ಬಂದು ಮುಟ್ಟಲಿಲ್ಲ. ಚಿಕಿತ್ಸಾಕೇಂದ್ರದ ನಮೂನೆಯ ಪತ್ರವೂ ಇಂತಹುದೇ ದಾಖಲೆ. ದಾಖಲೆಯನ್ನು ಓದುವಾಗ ಅದರ ಮೌನವನ್ನೂ ಓದಬೇಕೆಂದು ನಾವು ನಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಚಿಕಿತ್ಸಾ ಶಿಕ್ಷಾರ್ಥಿಗೂ ಅದೇ ಪಾಠ ಬೇಕು.

೬

ಎರಡನೆಯ ಆಕ್ಷೇಪ ಮಾತಿಗೆ ಸಂಬಂಧಿಸಿದುದು. ೨೦೧೯ರ ಲೇಖನ ಮರುಕ, ಸಹಾನುಭೂತಿ, ಕರುಣೆ ಇವುಗಳ ನಡುವೆ ಭೇದವನ್ನು ಕಲ್ಪಿಸುತ್ತದೆ. ಇನ್ನೊಬ್ಬರ ನೋವಿಗೆ ಅಯ್ಯೋ ಎನ್ನುವುದು ಮರುಕ. ಆ ನೋವನ್ನು ಅವರ ನೆಲೆಯಿಂದ ಅರಿಯುವುದು ಸಹಾನುಭೂತಿ. ಅರಿತು ಅದನ್ನು ಕಡಿಮೆ ಮಾಡಲು ಕೈಹಾಕುವುದು ಕರುಣೆ. ಭೇದ ಉಪಯುಕ್ತವಾದುದು. ಆದರೆ ಕನ್ನಡದಲ್ಲಿ ಈ ಪದಗಳ ಸಂಸಾರ ಬೇರೆ. ಕನಿಕರವೆಂಬ ಮಾತಿನಲ್ಲಿ ಮೇಲಿನಿಂದ ಕೆಳಗೆ ನೋಡುವ ಭಾವವಿದೆ. ಅಲಂಕಾರಿಕರ ಕರುಣರಸಕ್ಕೆ ಸ್ಥಾಯಿ ಶೋಕ. ಅದು ಸಹೃದಯನು ಆಸ್ವಾದಿಸುವ ದುಃಖವೇ ಹೊರತು ನಿವಾರಿಸುವ ದುಃಖವಲ್ಲ. ಅಂತಃಕರಣವೆಂಬುದು ಶಾಸ್ತ್ರದಲ್ಲಿ ಮನಸ್ಸು ಬುದ್ಧಿ ಚಿತ್ತಗಳ ಸಮುದಾಯ. ಆಡುಮಾತಿನಲ್ಲಿಯಾದರೋ 'ಅವರಿಗೆ ಅಂತಃಕರಣವಿದೆ' ಎಂದರೆ ಕಷ್ಟದಲ್ಲಿ ಒದಗುವವರು ಎಂದೇ ಅರ್ಥ. ವಿದೇಶದ ಲೇಖನದ ಪಾರಿಭಾಷಿಕ ಪದಕ್ಕೆ ಹತ್ತಿರವಾದುದು, ನಮ್ಮ ದೃಷ್ಟಿಯಲ್ಲಿ, ಈ ಮನೆಮಾತಿನ ಅಂತಃಕರಣವೇ. ತರಗತಿಯಲ್ಲಿ ಕರುಣೆಯೆಂದು ಹೇಳಿ ಕನಿಕರವನ್ನು ಕಲಿಸಿಬಿಡುವ ಅಪಾಯವಿರುವುದರಿಂದ ಈ ವಿವೇಚನೆ ನಿಘಂಟಿನ ಚಮತ್ಕಾರ ಮಾತ್ರವಲ್ಲ.

ಪದದ ಪ್ರಶ್ನೆಗಿಂತ ದೊಡ್ಡದು ಭಾಷೆಯ ಪ್ರಶ್ನೆ. ಭಟ್ಕಳದಿಂದ ಕುಮಟೆಗೆ ಸುಮಾರು ೬೦ ಕಿಲೋಮೀಟರು. ಈ ಅಲ್ಪ ದೂರದಲ್ಲಿ ಭಟ್ಕಳದ ನವಾಯತರ ನವಾಯತಿ, ಕೊಂಕಣಿಯ ಹಲವು ಬಗೆಗಳು, ಉರ್ದು, ಹವ್ಯಕರ ಕನ್ನಡ, ಹಾಲಕ್ಕಿ ಒಕ್ಕಲಿಗರ ಕನ್ನಡ ಇವೆಲ್ಲ ಮನೆಮಾತುಗಳಾಗಿವೆ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಅಲ್ಲಿ ಹುಡುಗಿಯರಿಗೆ ೧೩, ಹುಡುಗರಿಗೆ ೨೩ ಪಾಠಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ಬಂದರುಗಳ ಈ ಸೀಮೆಯಲ್ಲಿ ಹಲವು ಮಾತು, ಹಲವು ವಿದ್ಯೆ ಒಟ್ಟಿಗೆ ಬಾಳಿದುದು ಹೊಸ ಸಂಗತಿಯಲ್ಲ. ಮಗುವಿಗೆ ಮೊದಲ ಮಾತನ್ನು ಕಲಿಸಬೇಕಾದ ಚಿಕಿತ್ಸಕನ ಪಠ್ಯ ಮಾತ್ರ ಇಂಗ್ಲಿಷಿನದು. ಮನೆಯಲ್ಲಿ ಅಜ್ಜಿ ಕೊಂಕಣಿಯಲ್ಲಿ ನೀರು ಕೇಳುವುದನ್ನು ಕಲಿಸುತ್ತಿರುವಾಗ ಚಿಕಿತ್ಸಾಕೇಂದ್ರ ಬೇರೆ ಭಾಷೆಯಲ್ಲಿ ಅದನ್ನೇ ಕಲಿಸಿದರೆ ಎರಡೂ ಕಡೆಯ ಶ್ರಮ ವ್ಯರ್ಥವಾಗುತ್ತದೆ. ಕುಟುಂಬದೊಡನೆ ಕೂಡಿಕೊಳ್ಳುವಿಕೆ ಎಂಬ ಪಾಠದಲ್ಲಿ ಮನೆಮಾತು ಮೊದಲ ಅಧ್ಯಾಯವಾಗಬೇಕು. ಏಕಭಾಷೆಯ ತರಗತಿಯನ್ನು ಮನಸ್ಸಿನಲ್ಲಿಟ್ಟು ರಚಿತವಾದ ಪಾಠಕ್ರಮ ಇದನ್ನು ನಮಗಾಗಿ ಮಾಡಿಕೊಡಲಾರದು.

೭

ಮೂರನೆಯ ಆಕ್ಷೇಪ, ಈ ಲೇಖನಗಳಲ್ಲಿ ಕುಟುಂಬದ ಸ್ಥಾನವನ್ನು ಕುರಿತದ್ದು. ಅವುಗಳಲ್ಲಿ ಕುಟುಂಬವು ಮೇಜಿನ ಆಚೆ ಕುಳಿತ, ಸಮಾಧಾನ ಹೇಳಬೇಕಾದ ಪಕ್ಷ. ಭಾರತದ ಅನುಭವ ಇನ್ನೊಂದು ದಾರಿಯನ್ನು ತೋರಿಸಿದೆ. ೧೯೫೦ರ ದಶಕದಲ್ಲಿಯೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳನ್ನು ಆವರಣದಲ್ಲಿ ಡೇರೆ ಹಾಕಿಸಿ ಉಳಿಸಿಕೊಂಡು, ಶುಶ್ರೂಷೆಯಲ್ಲಿ ಅವರನ್ನು ಪಾಲುಗಾರರನ್ನಾಗಿ ಮಾಡಿದರು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಪ್ರಾರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ೧೯೮೫ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆ ಸಂಸ್ಥೆ ನಡೆಸಿದ ಕಾರ್ಯ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಶುಶ್ರೂಷೆಯನ್ನು ಕಲಿಸಬಹುದೆಂದು ತೋರಿಸಿ, ೧೯೯೬ರ ರಾಷ್ಟ್ರೀಯ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಿಂದ ೧೯೯೨ರಲ್ಲಿ ರೀಟಾ ಪೇಷಾವರಿಯಾ ಮತ್ತು ಎಸ್. ವೆಂಕಟೇಶನ್ ಅವರು, ಬೌದ್ಧಿಕ ಅಸಾಮರ್ಥ್ಯವುಳ್ಳ ಮಕ್ಕಳಿಗೆ ವರ್ತನ ಮಾರ್ಗದಿಂದ ಪಾಠ ಹೇಳುವ ಶಿಕ್ಷಕರಿಗಾಗಿ ಕೈಪಿಡಿಯನ್ನೂ ಭಾರತದ ಮಕ್ಕಳಿಗೆ ಹೊಂದುವ ಅಳತೆಪಟ್ಟಿಯನ್ನೂ ರಚಿಸಿದರು. ಹೊನ್ನಾವರದ ಕಾಸರಕೋಡಿನಲ್ಲಿ, ೧೯೯೮ರಲ್ಲಿ ಅಪಘಾತಕ್ಕೆ ಈಡಾದ ಡಾ. ಕುಸುಮಾ ಸೊರಬ ಅವರು ಕಟ್ಟಿದ ಸ್ನೇಹಕುಂಜ, ವೈದ್ಯರು ಜನರ ನಡುವೆ ಬದುಕುವುದೆಂದರೇನು ಎಂಬುದಕ್ಕೆ ಈ ತೀರದವರೆಲ್ಲ ಬಲ್ಲ ನಿದರ್ಶನ. ಕರುಣೆಯ ಶಿಕ್ಷಣವನ್ನು ಹೊಸದಾಗಿ ಆಮದು ಮಾಡಿಕೊಳ್ಳುವ ಮುನ್ನ ಈ ಪರಂಪರೆಯನ್ನು ಪಾಠಪಟ್ಟಿಯಲ್ಲಿ ಸೇರಿಸುವುದು ಉಚಿತ.

ಆದರೆ ಕುಟುಂಬವನ್ನು ಆದರ್ಶೀಕರಿಸುವುದೂ ತಪ್ಪು. ತ್ರಿವೇಣಿಯವರ 'ಶರಪಂಜರ' ಕಾದಂಬರಿಯನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾವೇರಿ ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಬರುತ್ತಾಳೆ. ಮನೆಯವರ ಅನುಮಾನದ ನೋಟವೇ ಅವಳನ್ನು ಮತ್ತೆ ಕೆಡವುತ್ತದೆ. ೧೯೬೩ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮುನ್ನವೇ, ತೀರಿಕೊಂಡ ಆ ಲೇಖಕಿ ಕಂಡ ಸತ್ಯ ಚಿಕಿತ್ಸಾಶಾಸ್ತ್ರಕ್ಕೆ ಇಂದೂ ಪ್ರಸ್ತುತ. ಪಾಲುಗಾರಿಕೆಯ ಹೆಸರಿನಲ್ಲಿ ಚಿಕಿತ್ಸೆಯ ಹೊರೆಯೆಲ್ಲ ತಾಯಿಯೊಬ್ಬಳ ಮೇಲೆ ಬೀಳುವುದನ್ನೂ, ಮಗುವಿನ ಸ್ಥಿತಿಗೆ ಅವಳನ್ನೇ ದೂಷಿಸುವುದನ್ನೂ ನಾವು ಎಲ್ಲ ಊರುಗಳಲ್ಲಿ ಕಾಣುತ್ತೇವೆ.

ಇದಕ್ಕೆ ಸೇರಿದ ಇನ್ನೊಂದು ಪ್ರಶ್ನೆ: ಕರುಣೆ ಯಾರಿಗೆ? ೨೦೧೯ರ ಲೇಖನದ ಹೆಸರೂ ಹೂರಣವೂ ಪೋಷಕರ ಕಡೆಗೇ ತಿರುಗಿವೆ. ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕುಳಿತ ಹುಡುಗನೊಡನೆ ಕೂಡಿಕೊಳ್ಳುವುದು ಹೇಗೆ? ಅವನು ಕೈಯಲ್ಲಿ ಕಿವಿ ಮುಚ್ಚಿಕೊಳ್ಳುವುದು ನಿಲ್ಲಿಸಬೇಕಾದ ವರ್ತನೆಯೆ, ಅಥವಾ ಅವನು ತನಗೆ ತಾನೇ ಕಂಡುಕೊಂಡ ಉಪಶಮನವೆ? ಆಟಿಸಂ ಉಳ್ಳ ವಯಸ್ಕರು ಎತ್ತಿದ ಆಕ್ಷೇಪದ ತಿರುಳು ಇದೇ ಆಗಿತ್ತು. ತಾಯಿತಂದೆಗಳೊಡನೆ ಸವಿಯಾಗಿ ಮಾತನಾಡಿ, ಮಗುವಿನ ನೆಮ್ಮದಿಯನ್ನು ಕಸಿದುಕೊಂಡರೆ ಅದನ್ನು ಕರುಣೆಯೆನ್ನಲಾಗದು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆ ಆಟಿಸಮ್ಮನ್ನೂ ಒಳಗೊಂಡ ೨೧ ಬಗೆಗಳನ್ನು ಗುರುತಿಸಿ, ಘನತೆಯನ್ನು ಆ ವ್ಯಕ್ತಿಯ ಹಕ್ಕೆಂದೇ ಹೇಳಿದೆ. ಹಕ್ಕು ಮಗುವಿನದು.

೮

ಕೊನೆಯ ಆಕ್ಷೇಪ ವ್ಯವಸ್ಥೆಗೆ ಸಂಬಂಧಿಸಿದುದು. ಕರುಣೆಯ ಕೊರತೆಯನ್ನು ಶಿಕ್ಷಾರ್ಥಿಯ ಕೌಶಲದ ಕೊರತೆಯೆಂದು ನಿರೂಪಿಸಿದರೆ ಪರಿಹಾರ ಸುಲಭವಾಗಿ ಕಾಣುತ್ತದೆ. ಆದರೆ ಒಂದು ದಿನಕ್ಕೆ ಹತ್ತಾರು ಕುಟುಂಬಗಳನ್ನು ನೋಡಬೇಕಾದವಳು ತಗಡಿನ ಮೇಲಿನ ಮಳೆಯ ಕಥೆಯನ್ನು ಎಲ್ಲಿ ಕೇಳಿಯಾಳು? ಅವಳು 'ಅದಿರಲಿ ಅಮ್ಮಾ' ಎಂದುದರಲ್ಲಿ ಅವಳ ತಪ್ಪಿಗಿಂತ ಹೊರಗೆ ಕಾದಿದ್ದ ಸಾಲಿನ ಪಾಲು ಹೆಚ್ಚು. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು ೯೦ ಕಿಲೋಮೀಟರು. ಕುಮಟೆಯಿಂದ ಹುಬ್ಬಳ್ಳಿಗೆ ಘಟ್ಟ ಹತ್ತಿ ಅದಕ್ಕಿಂತ ಬಹಳ ಹೆಚ್ಚು. ಒಂದು ಗಂಟೆಯ ಭೇಟಿಗೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಬಸ್ಸಿನಲ್ಲಿ ಕಿರಿಚುವ ಮಗುವಿನ ಕಡೆಗೆ ತಿರುಗುವ ಕಣ್ಣುಗಳು. ೨೦೨೨ರಲ್ಲಿ ಹೊನ್ನಾವರದಿಂದ ಉಡುಪಿಯ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರಿನ ಸುಂಕದ ಕಟ್ಟೆಗೆ ಬಡಿದು ನಾಲ್ವರು ತೀರಿಕೊಂಡಾಗ, ಸುಸಜ್ಜಿತವಾದ ಆಸ್ಪತ್ರೆ ಬೇಕೆಂಬ ಕೂಗು ಉತ್ತರ ಕನ್ನಡದಾದ್ಯಂತ ಎದ್ದುದನ್ನು ವಾಚಕರು ಮರೆತಿರಲಾರರು. ಜೀವಾಪಾಯದ ರೋಗಿಗೇ ದಾರಿ ಇಷ್ಟು ದೂರವಾಗಿರುವಾಗ, ಮಾತು ಬಾರದ ಮಗುವಿನ ಸರದಿ ಯಾವಾಗ ಬಂದೀತು? ಭೇಟಿಯ ದಿನವನ್ನು ಬಸ್ಸಿನ ವೇಳೆಗೆ ಹೊಂದಿಸಿಕೊಡುವುದು, ಹತ್ತಿರದ ತಾಲೂಕು ಆಸ್ಪತ್ರೆಗೆ ಚಿಕಿತ್ಸಕನೇ ತಿಂಗಳಿಗೊಮ್ಮೆ ಬರುವುದು ಇವೂ ಕರುಣೆಯ ರೂಪಗಳೇ. ಇವನ್ನು ಶಿಕ್ಷಾರ್ಥಿ ಕಲಿಯಬೇಕಾಗಿಲ್ಲ, ಸಂಸ್ಥೆಗಳು ಕಲಿಯಬೇಕು.

೯

ಹಾಗಾದರೆ ಕರುಣೆಯನ್ನು ಕಲಿಸಬಹುದೆ? ನಮ್ಮ ಉತ್ತರ ಹೀಗಿದೆ. ಕರುಣೆಯ ಹೆಜ್ಜೆಗಳನ್ನು ಕಲಿಸಬಹುದು, ಕಲಿಸಲೇಬೇಕು. ಇದನ್ನು ಸ್ಪಷ್ಟಪಡಿಸಿದುದಕ್ಕಾಗಿ ಈ ಲೇಖಕರಿಗೆ ನಾವು ಋಣಿಗಳು. ಆದರೆ ಆ ಪಾಠ ಮೂರು ವಿಷಯಗಳಲ್ಲಿ ಪೂರ್ಣಗೊಳ್ಳಬೇಕಾಗಿದೆ. ಕೇಳುವುದನ್ನು ಸೌಜನ್ಯವೆಂದಲ್ಲದೆ ಸಾಕ್ಷ್ಯಸಂಗ್ರಹವೆಂದು ಕಲಿಸಬೇಕು. ಮನೆಮಾತನ್ನೂ ಮಗುವಿನ ನೆಮ್ಮದಿಯನ್ನೂ ಪಾಠದ ಕೇಂದ್ರದಲ್ಲಿಡಬೇಕು. ಶಿಕ್ಷಾರ್ಥಿಯನ್ನು ಅಳೆಯುವ ಕೋಲಿನಿಂದಲೇ ಸಂಸ್ಥೆಯನ್ನೂ ಅಳೆಯಬೇಕು.

ಈ ಮೂರು ತಾಲೂಕುಗಳ ಕಾಲೇಜುಗಳಿಗೆ ಇದರಲ್ಲಿ ಮಾಡಬಹುದಾದ ಕೆಲಸವಿದೆಯೆಂದು ನಮ್ಮ ನಂಬಿಕೆ. ನವಾಯತಿ, ಕೊಂಕಣಿ, ಹವ್ಯಕ, ಹಾಲಕ್ಕಿ ಮಾತುಗಳನ್ನಾಡುವ ವಿದ್ಯಾರ್ಥಿಗಳು ನಮ್ಮ ಬೆಂಚುಗಳಲ್ಲಿಯೇ ಕುಳಿತಿದ್ದಾರೆ. ಇತಿಹಾಸ ವಿಭಾಗದಲ್ಲಿ ಮೌಖಿಕ ಚರಿತ್ರೆಯ ಅಭ್ಯಾಸಕ್ಕೆಂದು ಹಿರಿಯರ ನೆನಪುಗಳನ್ನು ಬರೆದುಕೊಳ್ಳಲು ನಾವು ಅವರನ್ನು ಕಳುಹಿಸುತ್ತೇವೆ: ಅ ಡ್ಡಬಾಯಿ ಹಾಕಬೇಡಿ; ನಿಮ್ಮ ಪ್ರಶ್ನೆಗೆ ಹೊರತಾದ ಮಾತು ಬಂದರೆ ಅದನ್ನೇ ಮೊದಲು ಬರೆದುಕೊಳ್ಳಿ; ಬರೆದುದನ್ನು ಅವರಿಗೆ ಓದಿ ಹೇಳಿ, ಸರಿಯೆ ಎಂದು ಕೇಳಿ. ಮನಶ್ಶಾಸ್ತ್ರ, ಸಮಾಜಕಾರ್ಯ, ಶುಶ್ರೂಷಾಶಾಸ್ತ್ರಗಳ ವಿದ್ಯಾರ್ಥಿಗಳು ಈ ಅಭ್ಯಾಸದಲ್ಲಿ ನಮ್ಮವರೊಡನೆ ಸೇರಿದರೆ ಖರ್ಚೇನೂ ಹೆಚ್ಚಾಗದು.

ಆ ಹುಡುಗನ ಸಂಗತಿಯನ್ನು ಇಷ್ಟು ಹೇಳಿ ಮುಗಿಸುತ್ತೇವೆ. ಮರುವರ್ಷ ಮಳೆಗಾಲಕ್ಕೆ ಮುಂಚೆ ಮನೆಯವರು ಅವನು ಮಲಗುವ ಕಡೆಯ ತಗಡಿನ ಮೇಲೆ ತೆಂಗಿನ ಮಡಲುಗಳನ್ನು ದಪ್ಪವಾಗಿ ಹೊದಿಸಿದರು. ಯಾವ ಚಿಕಿತ್ಸಕರೂ ಹೇಳಿದ್ದಲ್ಲ, ಅಜ್ಜಿಗೆ ತೋಚಿದುದು. ಮಳೆಯ ಸದ್ದು ತಗ್ಗಿತು. ಕಿರಿಚುವಿಕೆ ನಿಲ್ಲದಿದ್ದರೂ ಎಷ್ಟೋ ಕಡಿಮೆಯಾಯಿತು. ಪೂರ್ವಸಂದರ್ಭವನ್ನು ಬದಲಿಸಿದರೆ ವರ್ತನೆಯೂ ಬದಲಾಗುತ್ತದೆ ಎಂಬ ಸೂತ್ರವನ್ನು ಆ ವೃದ್ಧೆ ಓದಿರಲಿಲ್ಲ. ಅದನ್ನು ಓದಿದವರು ಅವಳ ಮನೆಯ ಮಾತನ್ನು ಕೇಳಿಸಿಕೊಳ್ಳುವಂತೆ ಮಾಡುವುದು ನಮ್ಮ ಶಿಕ್ಷಣದ ಮುಂದಿರುವ ಕೆಲಸ.